ಲಾಳಿಕೆಗೆ ಅಂಟಿದ ಕಾಳು

ಊಟದ ಗಂಟೆ ಹೊಡೆಯುವುದರೊಳಗೆ ಹತ್ತು ದಿಂಬು ತುಂಬಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ದಿಂಬಿನ ಕಾರ್ಖಾನೆಯ ಒಡತಿ ಇಷ್ಟು ಹೇಳಿ ಹೋಗಿದ್ದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಹೊರಗೆ ದುಡಿಯಲು ಬಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು.

ಕೆಲಸವೇನೋ ಸುಲಭ. ಪ್ಲಾಸ್ಟಿಕ್ ಲಾಳಿಕೆಯ ಮೂತಿಯನ್ನು ಚೀಲದೊಳಗೆ ತೂರಿಸಿ, ಸಾಸಿವೆಯಷ್ಟಿದ್ದ ಥರ್ಮೋಕೋಲ್ ಕಾಳು ಸುರಿಯುವುದು. ಮೊದಲ ದಿಂಬು ಸರಾಗವಾಗಿ ತುಂಬಿತು. ಲಾಳಿಕೆಗೆ ನಾಲ್ಕೇ ಕಾಳು ಅಂಟಿದ್ದವು, ಆದರೆ ಅವಳ ಕೈ ಸುಮ್ಮನಿರಬೇಕಲ್ಲ? ನೈಲಾನ್ ಬಟ್ಟೆಯಿಂದ ಫಳಫಳ ಹೊಳೆಯುವಂತೆ ಉಜ್ಜಿದಳು. ಮುಂದಿನ ಸಲ ನಾನೂರು ಅಂಟಿದವು. ಇನ್ನಷ್ಟು ಉಜ್ಜಿದಳು. ನಾಲ್ಕನೆಯ ದಿಂಬಿನ ಹೊತ್ತಿಗೆ ಕಾಳುಗಳು ಕೆಳಗಿಳಿಯುವುದು ಬಿಟ್ಟು ಚಂಗನೆ ಹಾರಿ ಲಾಳಿಕೆಯನ್ನೇ ಅಪ್ಪಿಕೊಂಡವು. ಮೂತಿ ಕಟ್ಟಿಕೊಂಡಿತು.

ಪಕ್ಕದ ಮೇಜಿನ ಹೊಲಿಗೆಯಾಕೆ ಕಿಸಕ್ಕನೆ ನಕ್ಕಳು. "ಏನಮ್ಮಾ, ಲಾಳಿಕೇನ ಯಾರಾದ್ರೂ ಹೆಣ್ಣು ನೋಡೋಕೆ ಬರ್ತಿದ್ದಾರಾ? ಇಷ್ಟೊಂದು ಅಲಂಕಾರ!"

"ಒರೆಸಿದಷ್ಟೂ ಅಂಟ್ತಾವಲ್ಲಕ್ಕಾ!"

"ಒರೆಸ್ತೀಯಲ್ಲ, ಅದಕ್ಕೇ. ಒಣಬಟ್ಟೇಲಿ ಉಜ್ಜಿದ್ರೆ ಪ್ಲಾಸ್ಟಿಕ್ಕಿಗೆ ಕರೆಂಟ್ ಸೇರ್ಕೊಳ್ಳುತ್ತೆ. ಆಮೇಲೆ ತನ್ನ ಪಾಡಿಗೆ ತಾನಿರೋ ಕಾಳನ್ನೂ ಎಳ್ಕೊಳ್ಳುತ್ತೆ."

"ಕಾಳಲ್ಲಿ ಕರೆಂಟ್ ಇಲ್ಲದಿದ್ರೂ?"

"ಇಲ್ಲದಿದ್ರೂ! ಲಾಳಿಕೆ ಹತ್ತಿರ ಬಂದ್ರೆ ಸಾಕು, ಕಾಳಿನೊಳಗೆ ಸಮಸಮ ಇರೋ ಪ್ಲಸ್ಸು ಮೈನಸ್ಸೇ ಚೂರು ಅತ್ತಿತ್ತ ಸರಿಯುತ್ತಂತೆ. ಎದುರಿನ ಮಗ್ಗಲು ಲಾಳಿಕೆಗೆ ಒಲಿಯುತ್ತಂತೆ. ನನ್ನ ಮಗಳು ಹೇಳಿದ್ದು, ಟೀಚರ್ ಅವಳು. ಒದ್ದೆಬಟ್ಟೇಲಿ ಒಂದ್ಸಲ ಒರೆಸಿ ಸುಮ್ನೆ ಬಿಡು."

ಒದ್ದೆಬಟ್ಟೆಯಲ್ಲಿ ಒರೆಸಿದ್ದೇ ತಡ, ಕಾಳು ಜರ್ರೆಂದು ಇಳಿಯಿತು. ಕಷ್ಟವಿದ್ದದ್ದು ಸುಮ್ಮನೆ ಬಿಡುವುದರಲ್ಲಿ. ಒಲೆಕಟ್ಟೆ, ಕನ್ನಡಿ, ಮಕ್ಕಳ ಮೂಗು, ಗಂಡನ ಕನ್ನಡಕ ಎಲ್ಲವನ್ನೂ ಒರೆಸುತ್ತಲೇ ಬಂದ ಕೈ ಅದು. ಸಾಕು ನಿಲ್ಲಿಸು ಎಂದು ಅವಳಿಗೆ ಯಾರೂ ಹೇಳಿದ್ದಿಲ್ಲ. ಐದನೆಯ ದಿಂಬಿನ ನಂತರ ಲಾಳಿಕೆಯ ಅಂಚಿನಲ್ಲಿ ಮೂರು ಕಾಳು ಅವಳನ್ನೇ ಅಣಕಿಸುತ್ತಾ ಕೂತಿದ್ದವು. ಅಂಗೈ ನವೆಯಾಡಿತು. ನೈಲಾನ್ ಬಟ್ಟೆಯನ್ನು ಎತ್ತಿ ಹೊಲಿಗೆಯಾಕೆಯ ಮಡಿಲಿಗೆ ಎಸೆದಳು.

"ಅಕ್ಕಾ, ಕಾಲಿಗೆ ಬಿದ್ದು ಕೇಳಿದ್ರೂ ಇದನ್ನ ವಾಪಸ್ ಕೊಡಬೇಡಿ!"

ಗಂಟೆ ಹೊಡೆದಾಗ ಹತ್ತನೆಯ ದಿಂಬಿನ ಬಾಯಿ ಕಟ್ಟುತ್ತಿದ್ದಳು. ಒಡತಿ ದಿಂಬುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಆಮೇಲೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೂದಲ ತುಂಬಾ ಬಿಳಿ ಕಾಳು ಅಂಟಿದ್ದವು.

"ಹನ್ನೊಂದನೇದು ನಿಮ್ಮ ತಲೇಲೇ ಇದೆಯಲ್ರೀ! ಹೋಗಿ, ಬೇಗ ಊಟ ಮಾಡ್ಕೊಂಡು ಬನ್ನಿ. ಸಂಜೆಯೊಳಗೆ ಇನ್ನೂ ಹದಿನೈದು ಆಗ್ಬೇಕು."