ಬರ್ತೀನಿ ಅಂದಾಕಿ

"ಅಲ್ಲೇ ನಿಂದ್ರಸ್ರಿ! ಒಳಗ ಒಯ್ಯಬ್ಯಾಡ್ರಿ!"

ಮರಿಲಿಂಗಪ್ಪ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಅವನ ಅಕ್ಕ ಮೋನಮ್ಮನ ಹೆಣವನ್ನು ಹೊರಸಿನ ಸಮೇತ ಹೊತ್ತು ತಂದವರು ಹೊಸ್ತಿಲ ಮುಂದೆಯೇ ನಿಂತುಬಿಟ್ಟರು. ಬಾಗಿಲು ಎಂದರೆ ಬರೀ ಚೌಕಟ್ಟು, ಕದವಿಲ್ಲ. ಒಳಗೆ ನಾಲ್ಕು ಗೋಡೆ, ಮೇಲೆ ಆಕಾಶ. ಹಿಂದಿನ ವರ್ಷದ ಚಳಿಗಾಲದಲ್ಲಿ ಚರ್ಚಿನ ಹುಡುಗ ಹುಡುಗಿಯರು ಬಂದು ಕಟ್ಟಿ, ಮಾಡು ಹೊದಿಸದೆ ಹೋದ ಮನೆ ಅದು. ಮೋನಮ್ಮ ಅದರೊಳಗೆ ಒಂದು ದಿನವೂ ಬಾಳಲಿಲ್ಲ. ಪಕ್ಕದಲ್ಲಿ ತಾಡಪತ್ರಿ ಕಟ್ಟಿಕೊಂಡು, ಗಂಡ ಬಿಟ್ಟ ಮಗಳು ಪರಿಮಳಾ ಮತ್ತು ಮೊಮ್ಮಕ್ಕಳೊಂದಿಗೆ ಎರಡು ಮಳೆಗಾಲ ನೆನೆದಳು. ಎದೆಯಲ್ಲಿ ಕಫ ಕಟ್ಟಿ, ಸುರಪುರದ ದವಾಖಾನೆಗೆ ಹೊರಟ ಆಟೋದಲ್ಲೇ ನಿನ್ನೆ ಜೀವ ಬಿಟ್ಟಿದ್ದಳು.

"ಯಾಕ ಒಯ್ಯಬಾರ್ದು ಮಾಮಾ? ಆಕಿ ಮನಿ ಅದು," ಎಂದಳು ಪರಿಮಳಾ.

"ಇನ್ನಾ ಹಾಲು ಉಕ್ಕಿಲ್ಲ, ಒಲಿ ಹೊತ್ತಿಲ್ಲ. ಮೊದಲು ಹೆಣ ಹೊಕ್ಕ ಮನ್ಯಾಗ ಯಾರರ ಬಾಳೇವು ಮಾಡ್ತಾರೇನು? ನಾಳಿ ನಿನ್ನ ಮಕ್ಕಳು ಇರೋ ಜಾಗ ಅದು."

"ಮಾಡಿಲ್ಲದ ಮನ್ಯಾಗ ಹ್ಯಾಂಗ ಇರ್ಲಿ?"

"ನಾ ಹಾಕಸ್ತೀನಿ. ತಗಡು ನಮ್ಮ ಹಿತ್ತಲದಾಗ ಬಿದ್ದಾವ. ಮಣ್ಣು ಆಗ್ಲಿ, ದಿನಾ ಮುಗೀಲಿ, ನಾನ ನಿಂತು ಹಾಕಸ್ತೀನಿ. ಆದ್ರ ಇಕಿ ಒಳಗ ಹೋದಳಂದ್ರ ನನ್ನ ಕೈಲೆ ಒಂದು ಮೊಳಿ ಸೈತ ಬಡಿಯಾಂಗಿಲ್ಲ. ಹೇಳೀನಿ ನೋಡು."

ಅವನ ಹೆಂಡತಿ ದೇವಕಮ್ಮ ಪರಿಮಳಾಳ ರಟ್ಟೆ ಹಿಡಿದು ಎಳೆದಳು. "ಸುಮ್ಮಕಿರವಾ. ನಿಮ್ಮವ್ವ ಮಾಡಿದ ಹಠ ಸಾಲವಲ್ದೇನು?"

ಹೊರಸನ್ನು ಅಂಗಳದಲ್ಲಿ ಇಳಿಸಿದರು. ಮೋನಮ್ಮನ ಕಾಲು ಮನೆಯ ಕಡೆಗಿದ್ದವು. ತಲೆಯ ಹತ್ತಿರ ಪರಿಮಳಾ ಕುಕ್ಕರಿಸಿದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

*

ಮನೆ ಕಟ್ಟುವ ಚರ್ಚಿನ ತಂಡದವರು ಬಂದದ್ದು ಕ್ರಿಸ್‌ಮಸ್ ಮುಗಿದ ಮೇಲೆ, ಹತ್ತಿ ಬಿಡಿಸುವ ದಿನಗಳಲ್ಲಿ. ಮೋನಮ್ಮ ಚರ್ಚಿನವಳಲ್ಲ. ಆದರೂ ಇವಳಷ್ಟು ಹರಕು ಗುಡಿಸಲಿನವಳು ಈ ಕೇರಿಯಲ್ಲಿಲ್ಲ ಎಂದು ಕಕ್ಕೇರಾ ಕಡೆಯ ಪಾದ್ರಿ ಸುನೀಲಕುಮಾರರೇ ಅವಳನ್ನು ಆರಿಸಿದ್ದರು. ಇದ್ದ ಗುಡಿಸಲು ಕಿತ್ತು ಆ ಜಾಗದಲ್ಲೇ ಬುನಾದಿ ತೋಡಿದರು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಕೈಗೆ ಕೈಗವಸು, ಜೊತೆಗೊಂದು ಗಿಟಾರು. ಇಟ್ಟಿಗೆ ಹೊತ್ತದ್ದಕ್ಕಿಂತ ಫೋಟೋ ತೆಗೆದದ್ದೇ ಹೆಚ್ಚು ಎಂದು ಕೇರಿಯವರು ನಕ್ಕರು.

ಮಾವಿ ಮಾತ್ರ ಹಾಗಲ್ಲ. ಮಿಜೋರಾಂನ ಹುಡುಗಿ, ಕನ್ನಡ ಒಂದಕ್ಷರ ಬಾರದು. ಬಿಸಿಲಿಗೆ ಮೂಗು ಸುಲಿದು, ಅಂಗೈಗೆ ಬೊಕ್ಕೆ ಎದ್ದರೂ ಸಿಮೆಂಟಿನ ಪುಟ್ಟಿ ಕೆಳಗಿಡುತ್ತಿರಲಿಲ್ಲ. ಮೋನಮ್ಮ ಅವಳನ್ನು ತೊಡೆಯ ಹತ್ತಿರ ಎಳೆದು ಕೂರಿಸಿಕೊಂಡು ಬೊಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ರೊಟ್ಟಿಗೆ ಖಾರದ ಹಿಂಡಿ ಹಚ್ಚಿ ಬಾಯಿಗೇ ಇಡುತ್ತಿದ್ದಳು. "ತಿನ್ನ ನನ್ನವ್ವ, ತಿನ್ನ. ಎಲ್ಲಿ ಹುಟ್ಟಿದ ಕೂಸೋ, ಎಲ್ಲಿ ಬಂದು ಮಣ್ಣು ಹೊರಾಕತ್ಯಾದ!" ಹುಡುಗಿ ಕಣ್ಣಲ್ಲಿ ನೀರು ಸುರಿಸುತ್ತ ತಿನ್ನುತ್ತಿತ್ತು. ಖಾರಕ್ಕೋ ಮತ್ತೇತಕ್ಕೋ!

ಗೋಡೆ ಎದ್ದವು, ತಗಡಿನ ಲಾರಿ ಬರಲಿಲ್ಲ. ಅಷ್ಟರಲ್ಲಿ ಅವರ ರಜೆ ತೀರಿತು. ಹೊರಡುವ ಹಿಂದಿನ ದಿನ ಪಾದ್ರಿಗಳು ಎಲ್ಲರನ್ನೂ ಕೂರಿಸಿ, ನಮ್ಮ ಕಡೆ ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ಹೇಳಿಕೊಟ್ಟರು. ಮಾವಿ ಅದನ್ನು ಬಾಯಿಪಾಠ ಮಾಡಿಕೊಂಡಳು. ಬಸ್ಸಿನ ಕಿಟಕಿಯಿಂದ ಕೈ ಚಾಚಿ, "ಅವ್ವಾ, ಬರ್ತೀನಿ," ಎಂದಳು.

"ಯಾವಾಗ ಬರ್ತೀಯವಾ?"

"ಬರ್ತೀನಿ."

"ಮ್ಯಾಗ ತಗಡು ಹಾಕಾಕ ನೀನ ಬರ್ತೀಯಲ್ಲ?"

"ಬರ್ತೀನಿ, ಅವ್ವಾ, ಬರ್ತೀನಿ!"

ಹುಡುಗಿಗೆ ಬರುತ್ತಿದ್ದದ್ದು ಅದೊಂದೇ ಮಾತು. ಮೋನಮ್ಮ ಬಸ್ಸಿನ ಧೂಳು ಅಡಗುವವರೆಗೂ ನಿಂತಿದ್ದಳು.

ಮರುವರ್ಷ ಆ ತಂಡ ಬೇರೆ ರಾಜ್ಯಕ್ಕೆ ಹೋಯಿತು. ಅದಕ್ಕೂ ಮೊದಲೇ, ಮೊದಲ ಮಳೆಗೆ ಮರಿಲಿಂಗಪ್ಪ ಸುರಪುರದಿಂದ ತಗಡು ಹೇರಿಕೊಂಡು ಬಂದಿದ್ದ. ಮೋನಮ್ಮ ಗಾಡಿಯಿಂದ ಇಳಿಸಗೊಡಲಿಲ್ಲ.

"ಅಕ್ಕಾ, ಬರ್ತೀನಿ ಅನ್ನೋದು ಬಾಯಿಮಾತು. ನಾವು ಅನ್ನಂಗಿಲ್ಲೇನು? ಹೋಗೋರೆಲ್ಲಾ ಅಂತಾರ."

"ನಾವು ಅಂದ್ರ ಬಾಯಿಮಾತೋ ತಮ್ಮಾ. ಆ ಕೂಸಿಗಿ ನಮ್ಮ ಬಾಯಿಮಾತು ಹ್ಯಾಂಗ ಗೊತ್ತಾಗಬೇಕು? ಆಕಿ ಬರ್ತೀನಿ ಅಂದ್ರ ಬರ್ತೀನಿ ಅಂತನ ಅರ್ಥ. ಆಕಿ ಬಂದಾಗ ನೀ ಮಾಡು ಹೊದಿಸಿಬಿಟ್ಟಿದ್ರ, ಆಕಿ ಮಾರಿ ಸಣ್ಣದಾಗಂಗಿಲ್ಲೇನು?"

ಹುಚ್ಚು ಮುದುಕಿ ಎಂದು ಬೈದು ಮರಿಲಿಂಗಪ್ಪ ಗಾಡಿ ತಿರುಗಿಸಿದ. ಗೋಡೆಗಳು ಪಾಚಿ ಹಿಡಿದವು. ಮೋನಮ್ಮನ ಕೆಮ್ಮು ಬೇಸಿಗೆಯಲ್ಲೂ ನಿಲ್ಲದಂತಾಯಿತು.

*

ಪಾದ್ರಿ ಸುನೀಲಕುಮಾರರು ಬೈಕಿನಲ್ಲಿ ಬಂದಾಗ ಮೋಡ ಕವಿದಿತ್ತು. ಹೊರಸಿನ ಮುಂದೆ ಕಣ್ಣು ಮುಚ್ಚಿ ನಿಂತು, ಆಮೇಲೆ ಪರಿಮಳಾಳ ಹತ್ತಿರ ಬಂದರು.

"ಆಕಿಗಿ ಫೋನ್ ಹಚ್ರಿ," ಎಂದಳು ಪರಿಮಳಾ.

"ಯಾರಿಗವ್ವಾ?"

"ಮಾವಿಗಿ. ನಮ್ಮವ್ವ ಆಟೋದಾಗೂ ಆಕಿ ಬಂದಳೇನು ಅಂತ ಕೇಳ್ಯಾಳ. ಅವ್ವ ಹೋಗ್ಯಾಳ ಅಂತಾದ್ರೂ ಹೇಳ್ರಿ."

ಅವರು ಅತ್ತಿತ್ತ ನೋಡಿ ನಂಬರು ಹುಡುಕಿದರು. ಪರಿಮಳಾ ಕೇಳಲೆಂದು ಸ್ಪೀಕರ್ ಹಾಕಿದರು. ಆ ಕಡೆ ಗದ್ದಲವಿತ್ತು, ಯಾರೋ ನಗುತ್ತಿದ್ದರು. ಪಾದ್ರಿ ಇಂಗ್ಲಿಷಿನಲ್ಲಿ ಹೇಳಿದರು. ಮಾವಿ, ಯಾವ ಅವ್ವ, ಯಾವ ಊರು ಎಂದು ಕೇಳಿದಳು. ಪಾದ್ರಿ ಊರಿನ ಹೆಸರು ಹೇಳಿದರು, ಮನೆ ಹೇಳಿದರು, ಹಿಂಡಿ ರೊಟ್ಟಿ ಹೇಳಿದರು. ಓ ಹೌದು ಹೌದು, ಪಾಪ, ಅವರಿಗಾಗಿ ಪ್ರಾರ್ಥಿಸುತ್ತೇನೆ ಎಂದಿತು ಆ ಕಡೆಯ ದನಿ. ಮನೆ ಹೇಗಿದೆ ಎಂದೂ ಕೇಳಿತು. ಚೆನ್ನಾಗಿದೆ ಎಂದು ಪಾದ್ರಿ ಫೋನ್ ಇಟ್ಟರು.

"ಏನಂದಳ್ರಿ?"

"ಬಾಳ ನೊಂದ್ಕೊಂಡಾಳವ್ವಾ. ಅಳಾಕತ್ತಿದಳು."

ಪರಿಮಳಾ ಅವರ ಮುಖವನ್ನೇ ನೋಡಿದಳು. "ಇಂಗ್ಲಿಷ್ ಬರಂಗಿಲ್ರಿ ನನಗ. ಅಳು ಹ್ಯಾಂಗಿರ್ತದ ಅನ್ನೋದೂ ಗೊತ್ತಿಲ್ಲೇನು?"

ಪರಿಮಳಾ ಎದ್ದು ಸೆರಗು ಬಿಗಿದಳು. ತಾನೇ ಹೊರಸಿನ ಕಾಲಿಗೆ ಕೈ ಹಾಕಿದಳು.

"ಎತ್ರಿ," ಎಂದಳು. "ಯಾರೂ ಬರಂಗಿಲ್ಲ ಇನ್ನ. ನಮ್ಮವ್ವ ತನ್ನ ಮನ್ಯಾಗಿಂದನ ಹೋಗ್ಲಿ."

"ಪರಿಮಳಾ, ತಗಡಿನ ಮಾತು ನೆನಪಿರ್ಲಿ," ಎಂದ ಮರಿಲಿಂಗಪ್ಪ.

"ಅದ ಮಾಮಾ. ನೆನಪದ."

ಅವನು ಬಾಗಿಲು ಬಿಟ್ಟು ಸರಿದ, ಒಳಗೆ ಮಾತ್ರ ಬರಲಿಲ್ಲ. ಹೊತ್ತವರು ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ ಬೇಗಬೇಗ ಹೊರಬಿದ್ದರು. ಪರಿಮಳಾ ಒಬ್ಬಳೇ ಅವ್ವನ ಹಣೆಗೆ ಭಂಡಾರದ ಅರಿಸಿನ ಹಚ್ಚಿದಳು, ತಲೆ ಬಾಚಿದಳು. "ಎಷ್ಟು ಚಂದ ಕುಂತಿ ನೋಡವ್ವಾ," ಎಂದು ಬಿಕ್ಕಿದಳು. ಸ್ವಲ್ಪ ಹೊತ್ತಿಗೆ ಗಂಡಸರು ಬಂದು ಎತ್ತಿಕೊಂಡು ಹೋದರು. ಹಲಗೆ ಬಡಿತದ ಸದ್ದು ಹಳ್ಳದ ಕಡೆ ಸರಿಯಿತು.

ಹೆಣ ಎತ್ತಿದ ಜಾಗ ಸಾರಿಸಿ ದೀಪ ಇಡಬೇಕು. ಮಣ್ಣು ಕೊಟ್ಟು ಬಂದವರು ಆ ದೀಪ ನೋಡಿಯೇ ತಮ್ಮ ತಮ್ಮ ಮನೆಗೆ ಹೋಗಬೇಕು. ಅಲ್ಲಿಯವರೆಗೆ ಅದು ಆರಬಾರದು. ದೇವಕಮ್ಮ ಹೊಸ್ತಿಲ ಹೊರಗಿನಿಂದಲೇ ಸಗಣಿಯ ಬುಟ್ಟಿ, ಹಣತೆ, ಎಣ್ಣೆ ನೂಕಿದಳು. ಪರಿಮಳಾ ಸಾರಿಸಿ ದೀಪ ಹಚ್ಚುವುದಕ್ಕೂ ಮೊದಲ ಹನಿಗಳು ಬೀಳುವುದಕ್ಕೂ ಸರಿಹೋಯಿತು.

"ಹೊರಗ ಬಾರವಾ, ಮಳಿ ಬಂತು," ಎಂದು ದೇವಕಮ್ಮ ಕೂಗಿದಳು.

ಪರಿಮಳಾ ದೀಪಕ್ಕೆ ಕೈ ಅಡ್ಡ ಹಿಡಿದಳು. ಸಾಲಲಿಲ್ಲ. ಮಂಡಿಯೂರಿ, ಎರಡೂ ಅಂಗೈ ನೆಲಕ್ಕೆ ಊರಿ, ಹಣತೆಯ ಮೇಲೆ ಬಾಗಿದಳು. ಮಳೆ ಜೋರಾಯಿತು.

ಮಣ್ಣು ಕೊಟ್ಟವರು ಗೋಣಿಚೀಲ ಹೊದ್ದು ಬಂದು ಚೌಕಟ್ಟಿನ ಆಚೆ ನಿಂತು ಇಣುಕಿದರು. ಅವರಿಗೆ ದೀಪ ಕಾಣಲಿಲ್ಲ. ನೀರು ಹರಿಯುವ ಬೆನ್ನೊಂದು ಕಂಡಿತು, ಅದರ ಕೆಳಗೆ ನೆಲದ ಮೇಲೆ ಒಂದಿಷ್ಟು ಬೆಳಕು.