ಹರಾಜಿನಲ್ಲಿ ಕೊಂಡ ಮನೆಗಳು

ಪದ್ಮಮ್ಮನಿಗೆ ಮನೆ ಕೊಳ್ಳುವ ಆಸೆ ಎಂದೂ ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ದಕ್ಷಿಣಾಮೂರ್ತಿ ವಿಷಮಶೀತ ಜ್ವರದಲ್ಲಿ ತೀರಿಕೊಂಡಾಗ ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮಕ್ಕಳಿರಲಿಲ್ಲ. ಚಿಕ್ಕಬಳ್ಳಾಪುರದ ಮನೆಯಲ್ಲಿ ಕರ್ಮಾಂತರವೆಲ್ಲ ಮುಗಿದ ಮೇಲೆ ಗಂಡನ ಅಣ್ಣ ಪುಟ್ಟಸ್ವಾಮಯ್ಯನವರು ಅವಳ ಅಣ್ಣ ವೆಂಕಟೇಶನನ್ನು ಜಗಲಿಯ ಮೇಲೆ ಕೂರಿಸಿಕೊಂಡರು.

"ಮಕ್ಕಳಿಲ್ಲದೋಳು, ಇಲ್ಲಿದ್ದು ಏನ್ ಮಾಡ್ತಾಳೆ. ಅವನ ಇನ್ಷೂರೆನ್ಸ್ ದುಡ್ಡು ಅವಳಿಗೇ ಇರಲಿ, ನಾವು ಕೇಳಲ್ಲ. ಮನೇಲಿ ಪಾಲು ಗೀಲು ಅಂತ ಮಾತ್ರ ಆಮೇಲೆ ಬರಬಾರದು" ಎಂದರು.

ತೋರಿಸಿದ ಕಡೆ ಪದ್ಮಮ್ಮ ರುಜು ಹಾಕಿದಳು. ಪುಟ್ಟಸ್ವಾಮಯ್ಯನವರ ಹೆಂಡತಿ ಪಂಕಜ ಒಳಗೆ ಏನೋ ಕುಟ್ಟುತ್ತಿದ್ದ ಸದ್ದು ಕೇಳುತ್ತಿತ್ತು. ಟ್ರಂಕು ಜಟಕಾ ಏರಿತು. ಅಣ್ಣ ತಂಗಿ ಚಿಂತಾಮಣಿಗೆ ಹೋದರು.

ವೆಂಕಟೇಶ ಚಿಂತಾಮಣಿಯಲ್ಲಿ ವಕೀಲರೊಬ್ಬರ ಗುಮಾಸ್ತ. ಸಾಲ ತೀರಿಸಲಾಗದವರ ಮನೆಗಳು ಕೋರ್ಟಿನ ಹರಾಜಿಗೆ ಬರುವುದನ್ನು ದಿನವೂ ನೋಡುತ್ತಿದ್ದ. ಅವುಗಳನ್ನು ಕೊಳ್ಳಲು ಊರವರು ಹಿಂಜರಿಯುತ್ತಿದ್ದರು. ಇನ್ನೊಬ್ಬರು ಅಳುತ್ತಾ ಬಿಟ್ಟುಹೋದ ಮನೆಯಲ್ಲಿ ಏಳಿಗೆ ಆಗುವುದಿಲ್ಲ ಎಂಬ ಹೆದರಿಕೆ. ಆದ್ದರಿಂದಲೇ ಅವು ಅಗ್ಗಕ್ಕೆ ಹೋಗುತ್ತಿದ್ದವು.

"ದುಡ್ಡು ಹಾಗೇ ಇಟ್ಕೊಂಡ್ರೆ ಕರಗಿಹೋಗುತ್ತೆ ಕಣೇ" ಎಂದ ಒಂದು ದಿನ. "ಒಂದು ಮನೆ ತಗೊಂಡು ಬಾಡಿಗೆಗೆ ಬಿಡು. ನಾಳೆ ನಾನಿದ್ರೂ ಇಲ್ದಿದ್ರೂ ನೀನು ಯಾರ ಮುಂದೂ ಕೈ ಚಾಚೋ ಹಾಗಿರಲ್ಲ."

"ಹೂಂ."

"ಜನ ಏನೇನೋ ಅಂತಾರೆ. ಮನಸ್ಸಿಗೆ ಹಚ್ಕೋಬೇಡ."

"ಹಚ್ಕೊಳಲ್ಲ" ಎಂದಳು ಪದ್ಮಮ್ಮ.

ಅದು ನಿಜವೇ. ಗಂಡ ಹೋದ ದಿನದಿಂದ ಅವಳ ಮನಸ್ಸಿಗೆ ಏನೂ ತಾಕುತ್ತಿರಲಿಲ್ಲ. ಆವತ್ತೂ ಅತ್ತಿರಲಿಲ್ಲ, ಆಮೇಲೂ ಅತ್ತಿರಲಿಲ್ಲ. ನೆಂಟರು ಮೊದಲು ಗಟ್ಟಿಗಿತ್ತಿ ಎಂದರು, ಆಮೇಲೆ ಕಲ್ಲು ಎಂದರು. ಎರಡೂ ಅವಳ ಕಿವಿಗೆ ಬಿದ್ದಿದ್ದವು. ಬೆಳಿಗ್ಗೆ ಏಳುತ್ತಿದ್ದಳು, ಅತ್ತಿಗೆ ಹೇಳಿದ ಕೆಲಸ ಮಾಡುತ್ತಿದ್ದಳು, ಕತ್ತಲಾದರೆ ಮಲಗುತ್ತಿದ್ದಳು.

ಮೊದಲನೆಯ ಮನೆ ಶಿಡ್ಲಘಟ್ಟದ್ದು. ಐವತ್ತನಾಲ್ಕನೇ ಇಸವಿ. ಮನೆಯವನು ನಲ್ಲಪ್ಪ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವನು. ನೂಲಿನ ಬೆಲೆ ಬಿದ್ದಾಗ ಸಾಲದ ಮೇಲೆ ಸಾಲ ಮಾಡಿ, ಕೊನೆಗೆ ಮನೆಯನ್ನೇ ಕಳೆದುಕೊಂಡಿದ್ದ. ಸ್ವಾಧೀನ ಕೊಡಿಸಲು ಕೋರ್ಟಿನ ಅಮೀನ ಬಂದ ದಿನ ಪದ್ಮಮ್ಮನೂ ಅಣ್ಣನ ಜೊತೆ ಬಂದಳು. ಆಳುಗಳು ಸಾಮಾನನ್ನು ಬೀದಿಗೆ ಇಡುತ್ತಿದ್ದರು. ಚರಕ, ತಪ್ಪಲೆಗಳು, ಒಂದು ಮರದ ತೊಟ್ಟಿಲು. ನಲ್ಲಪ್ಪನ ಹೆಂಡತಿ ಕೊಂಡಮ್ಮ ಒಳಗಿನಿಂದ ಒಂದೊಂದನ್ನೇ ಎತ್ತಿ ಕೊಡುತ್ತಿದ್ದಳು, ಪಕ್ಕದವರ ಮದುವೆಗೆ ಪಾತ್ರೆ ಎರವಲು ಕೊಡುವವಳ ಹಾಗೆ. ನಲ್ಲಪ್ಪ ಎದುರು ಮನೆಯ ಗೋಡೆಗೆ ಮುಖ ಮಾಡಿ ನಿಂತಿದ್ದ.

ಪದ್ಮಮ್ಮ ಒಳಗೆ ಹೋಗಿ ನೋಡಿದಳು. ಗೋಡೆಗೆಲ್ಲ ಬೆಂದ ಗೂಡಿನ ವಾಸನೆ ಹತ್ತಿತ್ತು.

"ಈ ಮನೆಗೆ ಯಾರು ಬರ್ತಾರೆ?" ಎಂದು ಅಣ್ಣನನ್ನು ಕೇಳಿದಳು.

"ಯಾರಾದ್ರೂ ಸಿಕ್ತಾರೆ. ಒಂದಷ್ಟು ದಿನ ಖಾಲಿ ಬೀಳ್ಬೋದು."

"ಇವರೇ ಇರಲಿ. ಬಾಡಿಗೆ ಕೊಡ್ತಾರಾ ಕೇಳು."

ವೆಂಕಟೇಶ ಕೇಳಿದ. ಕೊಂಡಮ್ಮ ಕೈಯಲ್ಲಿದ್ದ ಒನಕೆಯನ್ನು ಗೋಡೆಗೆ ಒರಗಿಸಿ ಬಂದು ಪದ್ಮಮ್ಮನ ಕಾಲು ಹಿಡಿದಳು. "ಸಲ್ಲಗಾ ಉಂಡು ತಲ್ಲೀ" ಎಂದು ತೆಲುಗಿನಲ್ಲಿ ಹರಸಿದಳು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದಳು. ಪದ್ಮಮ್ಮ ಹಿಂದಕ್ಕೆ ಸರಿದಳು. ತಾನು ಕರುಣೆಯಿಂದ ಹೇಳಲಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಇನ್ನೊಬ್ಬರನ್ನು ಹುಡುಕಬೇಕು, ಬೀಗ ಕೊಳ್ಳಬೇಕು, ಮತ್ತೆ ಇಷ್ಟು ದೂರ ಬರಬೇಕು ಎಂದಷ್ಟೇ ಅವಳು ಯೋಚಿಸಿದ್ದು. ಆದರೆ ಕಾಲು ಹಿಡಿದವಳಿಗೆ ಅದನ್ನು ಬಿಡಿಸಿ ಹೇಳುವುದು ಹೇಗೆ? ಆಳುಗಳು ಸಾಮಾನನ್ನೆಲ್ಲ ಮತ್ತೆ ಒಳಗೆ ಇಟ್ಟರು.

ಆಮೇಲೆ ಪ್ರತಿ ತಿಂಗಳೂ ಅವಳು ಚಿಕ್ಕ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಹೋಗಿಬರತೊಡಗಿದಳು. ಕೊಂಡಮ್ಮ ಚಾಪೆ ಹಾಸಿ ಕೂರಿಸುತ್ತಿದ್ದಳು, ಬಾಡಿಗೆ ಕೊಡುತ್ತಿದ್ದಳು. ಪದ್ಮಮ್ಮ ಬಂದಾಗಲೆಲ್ಲ ನಲ್ಲಪ್ಪ ಹಿತ್ತಲಿಗೆ ಹೋಗುತ್ತಿದ್ದ. ತಾನೇ ಕಟ್ಟಿಸಿದ ಮನೆಯಲ್ಲಿ ಬಾಡಿಗೆಗಿರುವುದು ಅವನಿಂದ ಆಗಲಿಲ್ಲ. ಮೂರನೆಯ ವರ್ಷ ಅವನು ನಗರಗೆರೆಯಲ್ಲಿದ್ದ ತಮ್ಮನ ಹೊಲಕ್ಕೆ ಹೋದವನು ತಿರುಗಿ ಬರಲಿಲ್ಲ.

"ಕರ್ಕೊಂಡು ಬರೋಕೆ ಹೋಗಿದ್ದೆ. ಅಲ್ಲೇ ಚೆನ್ನಾಗೈತೆ ಅಂದ" ಎಂದಳು ಕೊಂಡಮ್ಮ.

ಪದ್ಮಮ್ಮ ಏನಾದರೂ ಹೇಳಬೇಕಾಗಿತ್ತು. ಛಾವಣಿ ಎಲ್ಲಾದರೂ ಸೋರುತ್ತಿದೆಯೇ ಎಂದು ಕೇಳಿದಳು.

ಆ ಬಾಡಿಗೆ ಕೂಡಿಟ್ಟು ಚಿಂತಾಮಣಿಯಲ್ಲೇ ಇನ್ನೊಂದು ಮನೆ ತೆಗೆದುಕೊಂಡಳು. ಅದೂ ಹರಾಜಿನದೇ. ಮೇಷ್ಟರೊಬ್ಬರು ಬಾಡಿಗೆಗೆ ಬಂದರು. ಊರಲ್ಲಿ ಅವಳಿಗೆ ಹರಾಜಿನ ಪದ್ಮಮ್ಮ ಎಂದು ಹೆಸರಾಯಿತು. ಅರಿಶಿನ ಕುಂಕುಮಕ್ಕೆ ಕರೆಯುವ ಮಾತು ಹೇಗೂ ಇರಲಿಲ್ಲ. ಈಗ ನಾಮಕರಣ, ಗೃಹಪ್ರವೇಶಗಳಿಗೂ ಕರೆಯುವುದು ನಿಂತಿತು. ಅತ್ತಿಗೆ ಬೇಸರ ಮಾಡಿಕೊಂಡಳು. ಪದ್ಮಮ್ಮ ಮಾಡಿಕೊಳ್ಳಲಿಲ್ಲ.

ಅರವತ್ತಮೂರರಲ್ಲಿ ಒಂದು ಸಂಜೆ ವೆಂಕಟೇಶ ಕೋರ್ಟಿನಿಂದ ಬಂದು ಕಾಲು ತೊಳೆದು ಕೂತ. ಪದ್ಮಮ್ಮ ಕಾಫಿ ತಂದಿಟ್ಟಳು.

"ಪದ್ಮಾ, ನಿಮ್ಮ ಭಾವನ ಮನೆ ಹರಾಜಿಗೆ ಬಂದಿದೆ" ಎಂದ.

ಪುಟ್ಟಸ್ವಾಮಯ್ಯನವರು ಯಾರದೋ ಮಾತು ಕೇಳಿ, ಮನೆ ಅಡ ಇಟ್ಟು ಒಂದು ಬಸ್ಸಿನಲ್ಲಿ ಪಾಲು ಹಾಕಿದ್ದರು. ಬಸ್ಸು ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಜೊತೆಗಿದ್ದವರು ಮೆಲ್ಲಗೆ ಜಾರಿಕೊಂಡರು.

"ಯಾವತ್ತು?" ಎಂದಳು.

"ಬರೋ ಸೋಮವಾರ. ನಿನಗೆ ಹಿಂಸೆ ಅನ್ಸಿದ್ರೆ ಬಿಟ್ಬಿಡೋಣ."

"ಎಷ್ಟಕ್ಕೆ ಹೋಗ್ಬೋದು?"

ವೆಂಕಟೇಶ ಲೋಟ ಕೆಳಗಿಟ್ಟು ತಂಗಿಯ ಮುಖ ನೋಡಿದ. ಹೊಸದೇನೂ ಕಾಣಿಸಲಿಲ್ಲ.

ಸೋಮವಾರ ಚಿಕ್ಕಬಳ್ಳಾಪುರದ ಕೋರ್ಟಿನ ಅಂಗಳದಲ್ಲಿ ಹೆಚ್ಚು ಜನ ಇರಲಿಲ್ಲ. ಪುಟ್ಟಸ್ವಾಮಯ್ಯನವರನ್ನು ಬಲ್ಲವರು ಸಂಕೋಚಪಟ್ಟು ಬಂದಿರಲಿಲ್ಲ. ಪುಟ್ಟಸ್ವಾಮಯ್ಯನವರು ಮಾತ್ರ ಬಂದಿದ್ದರು. ಒಂದು ಹೊಂಗೆಮರದ ಕೆಳಗೆ, ಮಡಿಸಿದ ಕೊಡೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಬೆಲೆ ಕೂಗಿದ್ದು ಇಬ್ಬರೇ, ಒಬ್ಬ ಬೆಲ್ಲದ ಮಂಡಿಯವನು ಮತ್ತು ವೆಂಕಟೇಶ. ಮಂಡಿಯವನು ಬೇಗ ಕೈಬಿಟ್ಟ. ಕೊಂಡವರ ಹೆಸರನ್ನು ಅಮೀನ ಗಟ್ಟಿಯಾಗಿ ಓದಿದಾಗ ಪುಟ್ಟಸ್ವಾಮಯ್ಯನವರು ತಲೆಯೆತ್ತಿ ನೋಡಿದರು.

ಈಗ ಏನಾದರೂ ಆಗಬೇಕಲ್ಲ ಎಂದು ಪದ್ಮಮ್ಮ ಕಾದಳು. ಸಂತೋಷವೋ, ಸಂಕಟವೋ, ಏನಾದರೂ. ಬಿಸಿಲಿಗೆ ಅಂಗಾಲು ಸುಡುತ್ತಿತ್ತು, ಅಷ್ಟೆ. ಅಲ್ಲಿ ನೆರಳಿದ್ದದ್ದು ಆ ಹೊಂಗೆಮರದ ಕೆಳಗೆ ಮಾತ್ರ. ಅವಳು ಹೋಗಿ ಅದರ ಕೆಳಗೆ, ಅವರಿಂದ ಮಾರು ದೂರದಲ್ಲಿ ನಿಂತಳು.

ಪುಟ್ಟಸ್ವಾಮಯ್ಯನವರೇ, "ಚೆನ್ನಾಗಿದೀಯೇನಮ್ಮ?" ಎಂದರು.

"ಇದೀನಿ ಭಾವ."

"ನಾವು ಯಾವಾಗ ಖಾಲಿ ಮಾಡ್ಬೇಕು?"

"ಖಾಲಿ ಯಾಕೆ ಮಾಡ್ತೀರಿ. ಬಾಡಿಗೆ ಕೊಟ್ಕೊಂಡು ಇರಿ."

ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಬಿಸಿಲಲ್ಲಿ ಕೊಡೆ ಬಿಚ್ಚದೆಯೇ ನಡೆದುಹೋದರು.

ಮುಂದಿನ ತಿಂಗಳು ಬಾಡಿಗೆಗೆಂದು ಹೋದಾಗ ಪುಟ್ಟಸ್ವಾಮಯ್ಯನವರು ತಾವು ಕೂತಿದ್ದ ಕುರ್ಚಿಯಿಂದ ಎದ್ದು ಅದನ್ನು ಅವಳ ಕಡೆಗೆ ಸರಿಸಿದರು. ಅವಳು ಕೂರಲಿಲ್ಲ, ಅವರೂ ಮತ್ತೆ ಕೂರಲಿಲ್ಲ. ಏನೋ ನೆಪ ಹೇಳಿ ಹೊರಗೆ ಹೋದರು. ಪಂಕಜ ಕಾಫಿ ತಂದಳು. ಲೋಟ ಅವಳ ಕೈಗೆ ಕೊಟ್ಟು ಎದುರಿಗೇ ನಿಂತಳು.

"ಸೇಡು ತೀರಿಸ್ಕೊಂಡ್ಯಾ ಪದ್ಮಾ?" ಎಂದು ಮೆಲ್ಲಗೆ ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ.

"ಇಲ್ಲ ಅಕ್ಕ. ಅಗ್ಗಕ್ಕೆ ಬಂತು, ತಗೊಂಡೆ."

ಪಂಕಜ ಖಾಲಿ ಲೋಟ ತೆಗೆದುಕೊಂಡಳು. "ಹೂಂ ಅಂದಿದ್ರೆ ಚೆನ್ನಾಗಿತ್ತು" ಎಂದಳು.

ಮಳೆಗಾಲದಲ್ಲಿ ಹಿಂದಿನ ಕೋಣೆ ಸೋರುತ್ತಿದೆ ಎಂದು ಹೇಳಿ ಕಳಿಸಿದರು. ದಕ್ಷಿಣಾಮೂರ್ತಿ ಜ್ವರದಲ್ಲಿ ಮಲಗಿದ್ದು ಆ ಕೋಣೆಯಲ್ಲೇ. ಬಾಗಿಲು ತೆಗೆದವರು ಪುಟ್ಟಸ್ವಾಮಯ್ಯನವರು. ತೆಗೆದು ತಾವು ಹೊಸ್ತಿಲ ಹೊರಗೇ ನಿಂತರು. ಒಳಗೆ ಸೌದೆ ಒಟ್ಟಿದ್ದರು, ಮೂಲೆಯಲ್ಲಿ ಹುಣಿಸೆಹಣ್ಣಿನ ಗುಡಾಣವಿತ್ತು. ಪದ್ಮಮ್ಮ ನಡುವೆ ನಿಂತು ಮೇಲೆ ನೋಡಿದಳು. ಎರಡು ಕಲ್ಲುಚಪ್ಪಡಿಗಳ ಸಂದಿಯಲ್ಲಿ ಗಾರೆ ಕಿತ್ತುಹೋಗಿತ್ತು. ಅಲ್ಲಿಂದ ನೀರು ಗೋಡೆಗುಂಟ ಇಳಿದಿತ್ತು. ಅವನ ತಲೆದಿಂಬು ಇದ್ದ ಜಾಗ ಅದು. ಅದು ಅವಳಿಗೆ ಗೊತ್ತಾಯಿತು, ರೈಲು ಎಷ್ಟು ಹೊತ್ತಿಗೆ ಎಂದು ಗೊತ್ತಾಗುವ ಹಾಗೆ.

"ಗಾರೆಯವನನ್ನ ಕಳಿಸ್ತೀನಿ ಭಾವ" ಎಂದಳು.

"ಪದ್ಮಾ, ಆವತ್ತು ನಾನು..." ಎಂದು ಅವರು ಶುರುಮಾಡಿದರು.

"ಸೌದೆ ಆ ಕಡೆಗೆ ಒಟ್ಟಿಸಿಬಿಡಿ. ನೆನೆಯುತ್ತೆ" ಎಂದು ಅವಳು ಹೊರಗೆ ಬಂದಳು. ಅವರ ಮಾತು ತಡೆಯಬೇಕೆಂದು ಅವಳು ಹಾಗೆ ಮಾಡಿದ್ದಲ್ಲ. ಅವರು ಮಾತು ಶುರುಮಾಡಿದ್ದು ಅವಳಿಗೆ ಹೊಳೆದದ್ದು ಬೀದಿಗೆ ಬಂದ ಮೇಲೆ. ತಿರುಗಿ ಹೋಗಿ ಕೇಳಬಹುದಾಗಿತ್ತು. ಹೋಗಲಿಲ್ಲ.

ಮರುವರ್ಷ ಪುಟ್ಟಸ್ವಾಮಯ್ಯನವರು ಪೂಜೆಗೆ ಕೂತಲ್ಲೇ ಒರಗಿದರು. ತುಮಕೂರಿಗೆ ಕೊಟ್ಟಿದ್ದ ಮಗಳು ಬಂದು, ಕರ್ಮವೆಲ್ಲ ಮುಗಿಯುವವರೆಗೆ ಇದ್ದಳು. ಅತ್ತೆ ಮಾವ ಇರುವ ಮನೆ, ಅಮ್ಮನನ್ನು ಕರೆದೊಯ್ಯಲು ಅವಳಿಂದ ಆಗುವಂತಿರಲಿಲ್ಲ. ಅವಳು ಹೊರಟುಹೋದ ಮೇಲೆ ಪಂಕಜ, ಪದ್ಮಮ್ಮ ಇಬ್ಬರೇ ನಡುಮನೆಯಲ್ಲಿ ಕೂತಿದ್ದರು.

"ಬಾಡಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ಧರ್ಮಕ್ಕೆ ಇರು ಅಂತ ನೀನು ಹೇಳಿದ್ರೂ ನಾನಿರಲ್ಲ" ಎಂದಳು ಪಂಕಜ.

"ಅಣ್ಣನ ಮಗನಿಗೆ ಮದುವೆ ಗೊತ್ತಾಗಿದೆ. ಅಲ್ಲಿ ನಾನಿರೋ ಕೋಣೆ ಅವರಿಗೆ ಬೇಕು" ಎಂದಳು ಪದ್ಮಮ್ಮ. "ನಾನು ಇಲ್ಲಿಗೇ ಬಂದ್ಬಿಡ್ತೀನಿ. ದಿನಸಿ ನಾನು ತರ್ತೀನಿ. ನೀವು ಅಡುಗೆ ಮಾಡಿ."

"ಯಾವ ಕೋಣೇಲಿ ಇರ್ತೀಯ?"

ಪದ್ಮಮ್ಮ ಯೋಚಿಸಿದಳು. "ನಡುಮನೇಲೇ ಮಲಗ್ತೀನಿ" ಎಂದಳು.

ಹಾಗೆ ಇಬ್ಬರೂ ಒಂದೇ ಮನೆಯಲ್ಲಾದರು. ಮಾತು ಕಡಿಮೆ. ಪಂಕಜ ಬಡಿಸುತ್ತಿದ್ದಳು, ಪದ್ಮಮ್ಮ ಉಣ್ಣುತ್ತಿದ್ದಳು. ಹಿಂದಿನದನ್ನು ಇಬ್ಬರೂ ಎತ್ತಲಿಲ್ಲ. ಒಮ್ಮೊಮ್ಮೆ ಪಂಕಜ ಅಡುಗೆಮನೆಯಲ್ಲಿ ಒಬ್ಬಳೇ ಅಳುವುದು ಕೇಳಿಸುತ್ತಿತ್ತು. ಪದ್ಮಮ್ಮ ಬಾಗಿಲವರೆಗೂ ಹೋಗಿ, ಏನು ಮಾಡಬೇಕೆಂದು ತಿಳಿಯದೆ, ಅಲ್ಲೇ ಗೋಡೆಗೆ ಒರಗಿ ಅಳು ನಿಲ್ಲುವವರೆಗೂ ಕೂತಿರುತ್ತಿದ್ದಳು. ಅವಳು ಅಲ್ಲಿ ಕೂತಿರುವುದು ಪಂಕಜಳಿಗೆ ಗೊತ್ತಿರುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಪದ್ಮಮ್ಮ ಮೊದಲ ತುತ್ತಿಗೇ ಕೈ ನಿಲ್ಲಿಸಿದಳು.

"ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಕ್ಕ."

ಪಂಕಜ ಸೌಟು ಹಿಡಿದುಕೊಂಡೇ ನಿಂತಳು. ಉಪ್ಪಿದ್ದರೂ ಇಲ್ಲದಿದ್ದರೂ, ತಂಗಳಾದರೂ ಹಳಸಿದರೂ ಪದ್ಮಮ್ಮ ಹಾಕಿದ್ದನ್ನು ಉಂಡು ಏಳುವವಳು. ಅಣ್ಣನ ಮನೆಯಲ್ಲೂ ಹಾಗೇ ಇದ್ದಳಂತೆ.

"ನೆನ್ನೆಯೂ ಜಾಸ್ತಿ ಆಗಿತ್ತು. ನಾನೇ ಎರಡು ಸಲ ಹಾಕ್ಬಿಟ್ಟಿದ್ದೆ" ಎಂದಳು ಪಂಕಜ.

"ನೆನ್ನೆ ಗೊತ್ತಾಗಲಿಲ್ಲ."

ಪಂಕಜ ಮಜ್ಜಿಗೆ ತಂದು ಬಡಿಸಿದಳು. ಪದ್ಮಮ್ಮ ಅನ್ನ ಕಲಸುತ್ತಾ ಇದ್ದಳು. ಕಣ್ಣು ಸ್ವಲ್ಪ ಉರಿದ ಹಾಗಾಯಿತು, ಒಲೆಯ ಹೊಗೆಯೂ ಇತ್ತು. ಅಷ್ಟರಲ್ಲಿ ಅದು ಹೋಯಿತು. ಊಟ ಮುಗಿಸಿ ಎದ್ದಳು.

ಆ ವಾರ ದೊಡ್ಡ ಮಳೆ ಬಂದು ಚಿಂತಾಮಣಿಯ ಮನೆಯ ಹಿತ್ತಲ ಗೋಡೆ ಬಿದ್ದಿದೆಯೆಂದು ಮೇಷ್ಟರು ಬಸ್ಸಿನವರ ಕೈಲಿ ಹೇಳಿ ಕಳಿಸಿದರು. ಬೆಳಗಿನ ರೈಲಿಗೆ ಪದ್ಮಮ್ಮ ಹೊರಟಳು. ಪಂಕಜ ಬಾವಿಕಟ್ಟೆಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು.

"ಸಂಜೆ ಊಟಕ್ಕೆ ಬರ್ತೀಯಾ?" ಎಂದು ಕೇಳಿದಳು.

"ಗೊತ್ತಿಲ್ಲ. ಗೋಡೆ ನೋಡ್ಬೇಕು" ಎಂದು ಪದ್ಮಮ್ಮ ಚಪ್ಪಲಿ ಮೆಟ್ಟಿದಳು. ನಾಲ್ಕು ಹೆಜ್ಜೆ ಹೋಗಿ, "ಮಾಡಿಟ್ಟಿರಿ" ಎಂದಳು.