ಬೆರಳು ಬಿಡಿಸಿದ ದೇವತೆ

ಹರ್ಷವರ್ಧನನ ಹೆಂಡತಿ ಅನಘಾ ಹೆರಿಗೆಗೆಂದು ಮೈಸೂರಿನ ತವರಿಗೆ ಹೋಗಿದ್ದಳು. ಅವನ ರಜೆಗೆ ಮೊದಲೇ ನೋವು ಶುರುವಾಯಿತು. ಹುಟ್ಟುವ ಮಕ್ಕಳು ಎಚ್.ಆರ್.ನವರನ್ನು ಕೇಳಿಕೊಂಡು ಬರುವುದಿಲ್ಲ. ವಿಮಾನದಲ್ಲಿ ಸೀಟು ಸಿಕ್ಕಿದ್ದು ಮರುದಿನಕ್ಕೆ.

ಅಲ್ಲಿಯವರೆಗೆ ಸಿಂಗಪುರದ ಬ್ಯೂನಾ ವಿಸ್ಟಾದ ಆಫೀಸಿನಲ್ಲಿ ಕುಳಿತು, ಮ್ಯೂಸಿಯಮ್ಮೊಂದರ ಪರದೆಗಾಗಿ ಕ್ರೀಟ್ ದ್ವೀಪದ ಗುಹೆಯ ಚಿತ್ರಕ್ಕೆ ಬೆಳಕು ಹೊಂದಿಸುತ್ತಿದ್ದ. ಪ್ರಾಚೀನ ಗ್ರೀಕರ ಹೆರಿಗೆ ದೇವತೆ ಐಲೈಥೀಯಾಳ ಸನ್ನಿಧಿ ಅದು.

"ಮೊದ್ಲು ಕೈ ಬಿಡ್ಸ್ಕೋ," ಎಂದಳು ಚಿತ್ರಕ್ಕೆ ವಿವರಣೆ ಬರೆಯುತ್ತಿದ್ದ ಪ್ರಣತಿ. ಅವನು ಬೆರಳಿಗೆ ಬೆರಳು ಹೆಣೆದು ಕುಳಿತಿದ್ದ.

"ಯಾಕೆ?"

"ಈಯಮ್ಮ ಒಂದ್ಸಲ ಬಾಗ್ಲಲ್ಲಿ ಹಂಗೇ ಕೂತಿದ್ಲಂತೆ, ಕಾಲ್ ಮೇಲ್ ಕಾಲ್ ಹಾಕ್ಕೊಂಡು. ಒಳಗೆ ನೋವು ತಿಂತಿದ್ದೋಳಿಗೆ ಡೆಲಿವರಿನೇ ಆಗ್ಲಿಲ್ಲ. ಕೊನೆಗೆ ಸೇವಕಿ ಬಂದು 'ಮಗು ಹುಟ್ತು' ಅಂತ ಸುಳ್ಳು ಬಿಟ್ಲು. ಈಯಮ್ಮ ಗಾಬರಿಯಾಗಿ ಹೆಣೆದಿದ್ದ ಕೈ ಬಿಡ್ಸ್ಕೊಂಡ್ಲು, ಹುಟ್ಟೇಬಿಡ್ತು."

"ದೇವತೆನೂ ವಾಟ್ಸಾಪ್ ಫಾರ್ವರ್ಡ್ ನಂಬ್ತಾಳೆ ಅನ್ನು," ಎಂದ ಹರ್ಷ. ಆದರೂ ಕೈ ಬಿಡಿಸಿಕೊಂಡ.

ಸಂಜೆ ಪುಂಗೋಲ್‌ನ ಮನೆಗೆ ಬಂದಾಗ ಅತ್ತೆ ಅನಸೂಯಮ್ಮನ ಫೋನು.

"ಇನ್ನೂ ಆಗಿಲ್ಲ ಅಳಿಯಂದ್ರೇ. ಮಗೂದು ಎದೆಬಡಿತ ಇಳೀತಿದೆ ಅಂತಾರೆ. ಮನೇಲಿ ಬೀಗ ಗೀಗ ಹಾಕಿದ್ರೆ ತೆಗೆದ್ಬಿಡಿ."

"ಸಿಂಗಪುರದ ಬೀಗ ಅಲ್ಲಿಗೆ ವರ್ಕ್ ಆಗತ್ತಾ ಅತ್ತೆ?"

"ತಂದೆ ನೀವೇ ತಾನೇ? ತೆಗೀರಿ."

ಬೀರು ತೆರೆದ. ಸೂಟ್‌ಕೇಸ್ ತೆರೆದ. ಶೂಗಳ ಲೇಸು ಬಿಚ್ಚಿದ. ಉಪ್ಪಿನಕಾಯಿ ಬಾಟಲಿಯನ್ನೂ ಬಿಡಲಿಲ್ಲ. ಕೊನೆಗೆ ಹೊರಗಿನ ಕಬ್ಬಿಣದ ಗೇಟು ತೆರೆದು, ಕಾಲ ಮೇಲೆ ಕಾಲು ಬೀಳದಂತೆ ಹೊಸಿಲಲ್ಲಿ ಕುಳಿತ.

ಎದುರುಮನೆಯ ಲಿಮ್ ಆಂಟಿ ತರಕಾರಿ ಚೀಲ ಹಿಡಿದು ಲಿಫ್ಟಿನಿಂದ ಬಂದರು. ಇಷ್ಟು ದಿನ ಇಬ್ಬರ ನಡುವಿನ ಮಾತು ಮಳೆಯನ್ನು ದಾಟಿರಲಿಲ್ಲ; ಅನಘಾಳ ಹೊಟ್ಟೆಯನ್ನು ಮಾತ್ರ ಅವರು ಗಮನಿಸಿದ್ದರು.

"ವಾ, ಡೋರ್ ಆಲ್ ಓಪನ್. ಬೇಬಿ ಕಮ್ ಆಲ್ರೆಡಿ ಆ?"

ಹರ್ಷನಿಗೆ ಸೇವಕಿಯ ಸುಳ್ಳು ನೆನಪಾಯಿತು.

"ಕಮ್ ಆಲ್ರೆಡಿ, ಆಂಟಿ," ಎಂದ, ಗುಹೆಯವಳಿಗೂ ಕೇಳುವಷ್ಟು ಗಟ್ಟಿಯಾಗಿ.

"ಸೋ ಗುಡ್ ಲಾ." ಚೀಲದಿಂದ ಒಂದು ಕಿತ್ತಳೆ ತೆಗೆದು ಅವನ ಕೈಗಿಟ್ಟು, ಒಳಗೆ ಹೋಗಿ ತಮ್ಮ ಗೇಟಿಗೆ ಬೀಗ ಹಾಕಿಕೊಂಡರು. ಆ ಸದ್ದಿಗೆ ಹರ್ಷ ತನ್ನ ಗೇಟನ್ನು ಗೋಡೆಗೆ ತಾಗುವಷ್ಟು ತೆರೆದಿಟ್ಟ.

ಫೋನು ಬಂದಾಗ ಕಿತ್ತಳೆ ಇನ್ನೂ ಕೈಯಲ್ಲೇ ಇತ್ತು.

"ಹೆಣ್ಣು," ಎಂದರು ಅತ್ತೆ. "ಇಬ್ರೂ ಚೆನ್ನಾಗಿದಾರೆ. ಆಮೇಲೆ ಮಾಡ್ತೀನಿ, ಎಲ್ಲಾರೂ ಬಂದಿದಾರೆ ಇಲ್ಲಿ."

ಫೋನಿನಲ್ಲಿ ಅವರ ಹಿಂದಿನಿಂದ ನಗು ಕೇಳಿಸಿತು. ಕಾಲ್ ಕಟ್ಟಾಯಿತು.

ಹರ್ಷ ಎದ್ದು ನಿಂತ. ಉದ್ದ ಕಾರಿಡಾರು, ಸಾಲಾಗಿ ಮುಚ್ಚಿದ ಬಾಗಿಲುಗಳು. ಎದುರಿನ ಗೇಟಿನವರೆಗೂ ಹೋಗಿ ಕೈಯೆತ್ತಿದ, ಮತ್ತೆ ಇಳಿಸಿದ. ಆ ಸಾಲಿನಲ್ಲಿ ಸುದ್ದಿ ಹೇಳಬಹುದಾಗಿದ್ದದ್ದು ಲಿಮ್ ಆಂಟಿಯೊಬ್ಬರಿಗೇ. ಅವರಿಗೆ ಅದು ಆಗಲೇ ಗೊತ್ತಿತ್ತು.